ಒಂದು ತಲೆ ಕಡಿಮೆ

"ಹದಿನೈದು, ಹದಿನಾರು, ಹದಿನೇಳು..." ವ್ಯಾನಿನ ಮೆಟ್ಟಿಲ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಅಕ್ಕ ತಲೆ ಎಣಿಸುತ್ತಿದ್ದಳು. ಹದಿನೇಳಕ್ಕೆ ತಲೆಗಳು ಮುಗಿದವು. ಹಿಂದಿನ ಸೀಟಿನಿಂದ ಎಣಿಸಿದಳು. ಆಗಲೂ ಹದಿನೇಳೇ.

"ಹತ್ತಿ ಕೂತ್ಕೊಳ್ಳೆ ಮಾರಾಯ್ತಿ, ಇದೇನು ಶಾಲೆ ಪ್ರವಾಸವೇ?" ಚಿಕ್ಕಪ್ಪ ಒಳಗಿನಿಂದಲೇ ರೇಗಿದರು. ಎಂಬತ್ತೆರಡರ ಚಿಕ್ಕಪ್ಪನಿಗೆ ಗಡಿಯಾರ ಕೈಯಲ್ಲಿರಲಿಲ್ಲ, ಗಂಟಲಲ್ಲೇ ಇತ್ತು. "ಚಿತಾಗಾರದವರು ಕೊಟ್ಟಿರೋದು ಹನ್ನೊಂದೂವರೆ. ತಪ್ಪಿದ್ರೆ ಸಾಯಂಕಾಲ ನಾಲ್ಕು!"

"ಹದಿನೆಂಟು ಜನ ಇರ್ಬೇಕು ಚಿಕ್ಕಪ್ಪ. ಒಂದು ತಲೆ ಕಡಿಮೆ."

ಅಕ್ಕ ಹೋದಲ್ಲೆಲ್ಲ ತಲೆ ಎಣಿಸುವವಳು. ಮದುವೆ ಮನೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲೇ ಎಣಿಸಲಿ, ಒಂದು ಕಡಿಮೆ ಬೀಳುತ್ತಿತ್ತು. ಕಡಿಮೆ ಬೀಳುತ್ತಿದ್ದದ್ದು ಯಾವಾಗಲೂ ಒಂದೇ ತಲೆ, ಅವಳ ತಮ್ಮನದು. ಇವತ್ತು ಮಾತ್ರ ಆ ತಲೆ ವ್ಯಾನಿನ ನಡುವೆ, ಬಿಳಿ ಹೊದಿಕೆಯ ಕೆಳಗೆ, ಹೇಳಿದ ಮಾತು ಕೇಳಿಕೊಂಡು ಮಲಗಿತ್ತು.

ತಮ್ಮನಿಗೆ ಐವತ್ತೆಂಟು. ಬುದ್ಧಿ ಆರನೇ ವಯಸ್ಸಿಗೆ ನಿಂತಿತ್ತು, ಕಾಲು ಮಾತ್ರ ನಿಲ್ಲಲೇ ಇಲ್ಲ. ಚಕ್ರ ಇರುವುದು ಯಾವುದು ಕಂಡರೂ ಹತ್ತಿಬಿಡುತ್ತಿದ್ದ. "ಹೊರಟಿತು ನೋಡು ಸವಾರಿ" ಎಂದು ಬೀದಿಯವರು ಹೇಳಿ ಹೇಳಿ, ಅವನ ಹೆಸರೇ ಸವಾರಿ ಎಂದಾಯಿತು. ಅವನು ಆಡುತ್ತಿದ್ದದ್ದು ಬರೀ ಕಂಡಕ್ಟರ್ ಭಾಷೆ. ಹಸಿವಾದರೆ "ಟಿಕೆಟ್, ಟಿಕೆಟ್." ನಿದ್ದೆ ಬಂದರೆ "ಕೊನೇ ಸ್ಟಾಪು, ಎಲ್ಲಾ ಇಳ್ಕೊಳ್ಳಿ." ಅಕ್ಕ ಅಳುತ್ತಿದ್ದರೆ ಪಕ್ಕಕ್ಕೆ ಸರಿದು, "ಒಳಗೆ ಬನ್ನಿ, ಜಾಗ ಇದೆ." ಅವನ ಧ್ವನಿ ಕೇಳಿ ನಿಜವಾದ ಬಸ್ಸುಗಳೇ ಎಷ್ಟೋ ಸಲ ಹೊರಟುಬಿಟ್ಟಿದ್ದವು.

"ಅಯ್ಯೋ, ಅಂಟಮ್ಮ!" ಟೀಚರ್ ಎದ್ದು ನಿಂತರು. "ನನ್ನ ಪಕ್ಕದಲ್ಲೇ ಇದ್ದಳಲ್ಲ ಅಕ್ಕಾ!"

ಟೀಚರದು ಸವಾರಿಯಂಥವರಿಗೆಂದೇ ಇದ್ದ, ಲಕೋಟೆ ಮಾಡಿಸುವ ಶಾಲೆ. ಅಲ್ಲಿ ಇಪ್ಪತ್ತು ವರ್ಷದಿಂದ ಸವಾರಿ ಕಾಗದ ಮಡಿಸುವವನು, ಅಂಟಮ್ಮ ಅಂಟು ಹಚ್ಚುವವಳು. ನಲವತ್ತು ದಾಟಿದ ಹೆಂಗಸು, ಹಿಂದೆ ಮುಂದೆ ಯಾರೂ ಇಲ್ಲ. ಮಾತು ಕಡಿಮೆ, ಅಂಟು ಜಾಸ್ತಿ. ಸವಾರಿ ಎಲ್ಲಿ ಕೂತರೆ ಅಲ್ಲೇ ಅವಳು.

"ಇಲ್ಲೇ ಎಲ್ಲೋ ಇರ್ತಾಳೆ ಬಿಡ್ರಮ್ಮ," ಎಂದರು ಚಿಕ್ಕಪ್ಪ. "ಮೊದಲು ಇವನನ್ನ ಕಳಿಸೋಣ, ಆಮೇಲೆ ಹುಡುಕೋಣ. ಎರಡು ಗಂಟೇಲಿ ಏನು ಮುಳುಗಿಹೋಗುತ್ತೆ?"

'ಆಮೇಲೆ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಮುಂದಿನ ಸೀಟಿನಲ್ಲಿದ್ದ ರೈಟರು ವ್ಯಾನಿನಿಂದ ಇಳಿದೇಬಿಟ್ಟರು. ಪೊಲೀಸ್ ಸ್ಟೇಷನ್ನಿನಲ್ಲಿ ದೂರು ಬರೆದು ಬರೆದು ನಿವೃತ್ತರಾದವರು. ಮಂಡಿ ನೋವಿನವರು ಅಷ್ಟು ಬೇಗ ಇಳಿದದ್ದನ್ನು ಯಾರೂ ನೋಡಿರಲಿಲ್ಲ.

*

ಮೂವತ್ತೆಂಟು ವರ್ಷದ ಹಿಂದೆ 'ಆಮೇಲೆ' ಎಂದವರು ಇದೇ ರೈಟರು. ಆಗ ಮೀಸೆಗೆ ಇದ್ದ ತೂಕ ಮೈಗೆ ಇರಲಿಲ್ಲ.

"ಇಪ್ಪತ್ನಾಲ್ಕು ಗಂಟೆ ಆಗ್ಲಿ, ಆಮೇಲೆ ಬಾಮ್ಮ. ವಯಸ್ಸಿಗೆ ಬಂದ ಗಂಡಸು. ಹೊಟ್ಟೆ ಹಸಿದ್ರೆ ತಾನೇ ಮನೆಗೆ ಬರ್ತಾನೆ."

"ಹೊಟ್ಟೆ ಹಸಿಯೋದು ಗೊತ್ತಾಗುತ್ತೆ ಸಾರ್. ಮನೆ ಎಲ್ಲಿ ಅನ್ನೋದು ಗೊತ್ತಾಗಲ್ಲ."

"ರೂಲ್ಸು ರೂಲ್ಸೇ."

ಅಕ್ಕ ಮನೆಗೆ ಹೋಗಲಿಲ್ಲ. ಸ್ಟೇಷನ್ನಿನ ಬೆಂಚಿನ ಮೇಲೆ, ಗಡಿಯಾರದ ಎದುರು, ಇಪ್ಪತ್ನಾಲ್ಕು ಗಂಟೆಯನ್ನೂ ಒಂದೊಂದಾಗಿ ಮುಗಿಸಿದಳು. ಸವಾರಿ ಸಿಕ್ಕಿದ್ದು ಆರನೇ ದಿನ, ಎಷ್ಟೋ ದೂರದ ಡಿಪೋದಲ್ಲಿ, ಕೆಟ್ಟು ನಿಂತ ಬಸ್ಸಿನೊಳಗೆ. ಎಡಗಾಲಿನ ಗಾಯ ಕೊಳೆತು ಎರಡು ಬೆರಳು ಹೋದವು. ದೂರಿನ ಕಡತ ಮುಚ್ಚಲು ಅಕ್ಕ ಅವನನ್ನು ಸ್ಟೇಷನ್ನಿಗೆ ಕರೆತಂದಾಗ ಅವನು ಬೆಂಚಿನಲ್ಲಿ ಪಕ್ಕಕ್ಕೆ ಸರಿದು ರೈಟರಿಗೆ ಹೇಳಿದ: "ಒಳಗೆ ಬನ್ನಿ, ಜಾಗ ಇದೆ."

ರೈಟರು ಬ್ಯಾಂಡೇಜು ಸುತ್ತಿದ ಕಾಲನ್ನು ನೋಡಿದರು.

ಮುಂದಿನ ಸಲ ಸವಾರಿ ಹೊರಟು ನಲವತ್ತು ನಿಮಿಷಕ್ಕೇ ಅಕ್ಕ ಓಡಿ ಬಂದಳು. ರೈಟರು ಪುಸ್ತಕ ಎಳೆದುಕೊಂಡು, ಕಾಣೆಯಾದ ದಿನ ಎಂಬಲ್ಲಿ ನಿನ್ನೆಯ ತಾರೀಕು ಬರೆದು, ಆಗಲೇ ಎಲ್ಲ ಡಿಪೋಗಳಿಗೂ ಫೋನ್ ಮಾಡಿದರು. ಅಲ್ಲಿಂದ ಪ್ರತಿ ಸಲವೂ ಹಾಗೇ. ಸರಕಾರದ ಲೆಕ್ಕದಲ್ಲಿ ಸವಾರಿ ಮನೆ ಬಿಡುವ ಹಿಂದಿನ ದಿನವೇ ಕಾಣೆಯಾಗಿರುತ್ತಿದ್ದ.

ಕೊನೆಗೂ ಕಾನೂನು ಬಂತು. ಬುದ್ಧಿ ಬೆಳೆಯದವರು, ಮರೆವಿನವರು ಕಾಣೆಯಾದರೆ ಒಂದು ನಿಮಿಷವೂ ಕಾಯುವಂತಿಲ್ಲ. ಯಾರು ಬೇಕಾದರೂ ದೂರು ಕೊಡಬಹುದು. ಅರ್ಧ ಗಂಟೆಯೊಳಗೆ ಪೊಲೀಸರು ಮನೆಗೆ ಬರಬೇಕು. ಫೋಟೊ ಎಲ್ಲ ಬಸ್ಸು, ಆಸ್ಪತ್ರೆಗಳಿಗೆ ಹೋಗಬೇಕು. ರೈಟರು ಆ ಕಾಗದ ಹಿಡಿದು ಅಕ್ಕನ ಮನೆಗೇ ಬಂದರು.

"ನೋಡಕ್ಕ, ನನ್ನ ಸುಳ್ಳನ್ನ ಸರಕಾರ ನಿಜ ಮಾಡೋಕೆ ಹದಿನೆಂಟು ವರ್ಷ ತಗೊಳ್ತು."

*

ಅಕ್ಕ ಆಗಲೇ ಫೋನು ಕಿವಿಗಿಟ್ಟಿದ್ದಳು. ಆ ಕಡೆ ಎಳೆ ಧ್ವನಿಯ ಕಾನ್‌ಸ್ಟೇಬಲ್ ಹುಡುಗಿ.

"ಕಾಣೆಯಾದೋರು ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಕಣಮ್ಮ. ಯಾರು ಬೇಕಾದ್ರೂ ಹೇಳ್ಬಹುದು. ಫಾರಂ ತಿರುಗಿಸಿ ಓದು."

"ಸರಿ. ಮನೆ ಪೂರ್ತಿ ಹುಡುಕಿದ್ರಾ?"

"ಮನೇಲಿದ್ರೆ ಕಾಣೆ ಆಗೋದು ಹೇಗಮ್ಮ? ಬೇಗ ಬಾ, ತಾಯಿ."

ವ್ಯಾನಿನಲ್ಲಿದ್ದವರಿಗೆ ಯಾರೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಒಂದಲ್ಲ ಒಂದು ದಿನ ಸವಾರಿಯನ್ನು ಹುಡುಕಿ ತಂದವರೇ ಎಲ್ಲ. ಬೇಕರಿಯವನು ಬಸ್ ನಿಲ್ದಾಣಕ್ಕೆ ಓಡಿದ. ಟೈಲರಮ್ಮ ಆಟೋ ಸ್ಟ್ಯಾಂಡಿಗೆ. ರೈಟರು ಕುಂಟುತ್ತಾ ಪೆಟ್ರೋಲ್ ಬಂಕಿಗೆ. ಐದು ನಿಮಿಷದಲ್ಲಿ ವ್ಯಾನಿನಲ್ಲಿ ಉಳಿದವರು ಇಬ್ಬರೇ, ಸವಾರಿ ಮತ್ತು ಚಿಕ್ಕಪ್ಪ.

"ಲೋ, ಎಲ್ಲರನ್ನೂ ಓಡಿಸಿ ನೀನು ಆರಾಮಾಗಿ ಮಲಗಿದೀಯಲ್ಲೋ," ಎಂದರು ಚಿಕ್ಕಪ್ಪ.

ಅಕ್ಕ ಬಾಗಿಲಲ್ಲಿ ನಿಂತಳು. ಸವಾರಿಗಾದರೆ ಕೇಳಿದ ಕೂಡಲೆ ನೂರು ಜನ. ಅಂಟಮ್ಮನ ಗುರುತು ಈ ಬೀದಿಯಾಚೆ ಯಾರಿಗಿದೆ? ತನ್ನ ಹೆಸರನ್ನೂ ಸರಿಯಾಗಿ ಹೇಳಲಾರದವಳು. ಅಂದು ಸವಾರಿಯದು ಎರಡು ಬೆರಳಿಗೆ ಮುಗಿಯಿತು, ಇವಳದೂ ಅಷ್ಟಕ್ಕೇ ಮುಗಿಯುವುದೆಂದು ಎಲ್ಲಿ ಬರೆದಿದೆ?

ಸ್ಕೂಟರಿನಲ್ಲಿ ಕಾನ್‌ಸ್ಟೇಬಲ್ ಹುಡುಗಿ ಇಪ್ಪತ್ತೇ ನಿಮಿಷಕ್ಕೆ ಬಂದಳು. ಕೈಯಲ್ಲಿ ಫಾರಂ.

"ಒಂದ್ಸಲ ಒಳಗೆ ನೋಡ್ಬಿಡ್ತೀನಿ ಅಮ್ಮಾ."

"ಒಳಗೇನಿದೆಯಮ್ಮ? ರಸ್ತೆ ನೋಡು!"

"ಮೊದಲನೇ ಪ್ರಶ್ನೆ ಅದೇ ಅಮ್ಮಾ. ನೋಡದೆ ಟಿಕ್ ಹಾಕೋಕಾಗಲ್ಲ."

ಎರಡು ನಿಮಿಷಕ್ಕೆ ಒಳಗಿನಿಂದ ಕರೆ ಬಂತು.

ಸವಾರಿಯ ಕೋಣೆಯಲ್ಲಿ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಅಂಟಮ್ಮ ಕಾಲು ಚಾಚಿ ಕೂತಿದ್ದಳು. ಮಂಚದ ಕೆಳಗಿದ್ದ ಹಳೇ ಕಟ್ಟು ಬಿಚ್ಚಿಕೊಂಡಿದ್ದಳು. ಕಾನೂನು ಬರುವ ಮೊದಲು ಅಕ್ಕ ಅಚ್ಚು ಹಾಕಿಸಿ ಊರೆಲ್ಲ ಅಂಟಿಸುತ್ತಿದ್ದ 'ಕಾಣೆಯಾಗಿದ್ದಾರೆ' ಕಾಗದಗಳು. ಒಂದೊಂದನ್ನೂ ತೊಡೆಯ ಮೇಲಿಟ್ಟು, ನಾಲಗೆ ಕಚ್ಚಿಕೊಂಡು, ಮಡಿಸುತ್ತಿದ್ದಳು. ಒಂದು ಮೂಲೆಯೂ ಇನ್ನೊಂದಕ್ಕೆ ಕೂಡಿರಲಿಲ್ಲ.

"ಮಡಿಸೋರಿಲ್ಲ," ಎಂದಳು ಅಕ್ಕನನ್ನು ನೋಡಿ. "ನಾನೇ."

ಅಕ್ಕ ಅವಳ ಪಕ್ಕ ಸಂದಿಯಲ್ಲೇ ತುರುಕಿಕೊಂಡು ಕೂತಳು. ಮೊದಲು ಅಳು ಬಂತು, ಅದರ ಬೆನ್ನಿಗೇ ನಗು.

ಏದುಸಿರು ಬಿಡುತ್ತಾ ಬಂದ ರೈಟರು ಹಣೆ ಚಚ್ಚಿಕೊಂಡರು. "ಇಷ್ಟು ವರ್ಷ ಊರೆಲ್ಲ ಜಾಲಾಡಿದ್ವಿ, ಮನೆ ಹುಡುಕೋದು ಮಾತ್ರ ಕಲೀಲಿಲ್ಲ ನೋಡಕ್ಕ. ಅವನು ಒಂದ್ಸಲಾನಾದ್ರೂ ಮನೇಲಿ ಸಿಕ್ಕಿದ್ದಿದ್ರೆ ತಾನೇ?"

"ಸಿಕ್ಕಿದ ಸಾರ್," ಎಂದಳು ಅಕ್ಕ. "ನಿನ್ನೆ ಬೆಳಿಗ್ಗೆ. ಇದೇ ಮಂಚದ ಮೇಲೆ, ನಿದ್ದೇಲಿ. ಯಾವುದೋ ಊರಿನ ಆಸ್ಪತ್ರೆಯಿಂದ ಫೋನ್ ಬರುತ್ತೆ, ಬಂದು ಗುರುತು ಹಿಡೀರಿ ಅಂತಾರೆ ಅಂತ ಜೀವನಪೂರ್ತಿ ಹೆದರಿದ್ದೆ. ಅದೊಂದು ತಪ್ಪಿತು."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು.

"ಅಕ್ಕಾ, ಸವಾರಿ ಮತ್ತೆ ಹೊರಟ್ನಾ? ನಾನು ಹನ್ನೆರಡನೇ ನಂಬರ್ ಬಸ್ಸಿನವನು. ಹೆದರ್ಬೇಡಿ, ನೋಡ್ತಾ ಇದೀನಿ." ಇಟ್ಟ ತಕ್ಷಣ ಇನ್ನೊಂದು. "ಆಸ್ಪತ್ರೆ ಗೇಟಿಂದ ಅಕ್ಕಾ. ಇಲ್ಲಿಗೆ ಬಂದ್ರೆ ಹಿಡ್ಕೊಂಡು ಕೂರಿಸ್ತೀನಿ."

ಕಾನ್‌ಸ್ಟೇಬಲ್ ಹುಡುಗಿಯ ಮುಖ ಬಿಳಿಚಿಕೊಂಡಿತು. ಅಕ್ಕನ ನಂಬರಿನಿಂದ ದೂರು ಬಂದರೆ ಸ್ಟೇಷನ್ನಿನ ಕಂಪ್ಯೂಟರಿಗೆ ಗೊತ್ತಿದ್ದದ್ದು ಒಂದೇ ಮುಖ, ಸವಾರಿಯದು. ಅದನ್ನೇ ಊರಿಗೆಲ್ಲ ಕಳಿಸಿಬಿಟ್ಟಿತ್ತು.

"ಎದುರಿಗೆ ಮಲಗಿರೋನನ್ನ ಹುಡುಕೋಕೆ ಹಾಕಿದೀಯಲ್ಲೇ ತಾಯಿ!" ಎಂದರು ಎಲ್ಲ ಕೇಳಿಸಿಕೊಂಡ ಚಿಕ್ಕಪ್ಪ, ಹೊರಗೆ ವ್ಯಾನಿನ ಕಿಟಕಿಯಿಂದ.

"ಈಗಲೇ ರದ್ದು ಮಾಡಿಸ್ತೀನಿ ಅಮ್ಮಾ. ಮೇಲಿನವರ ಒಪ್ಪಿಗೆ ಬರೋಕೆ ಹದಿನೈದು ನಿಮಿಷ..."

"ನಿಧಾನ ಮಾಡಮ್ಮ," ಎಂದಳು ಅಕ್ಕ. "ಅವಸರ ಏನಿಲ್ಲ."

ರೈಟರು ಚಿತಾಗಾರಕ್ಕೆ ಫೋನ್ ಮಾಡಿ ಏನೋ ಹೇಳಿ ಹನ್ನೆರಡು ಗಂಟೆ ಗಿಟ್ಟಿಸಿಕೊಂಡರು. ಏನು ಹೇಳಿದಿರಿ ಎಂದು ಯಾರೂ ಕೇಳಲಿಲ್ಲ. ಅಂಟಮ್ಮ ವ್ಯಾನು ಹತ್ತಿ ಸವಾರಿಗೆ ಅಂಟಿಕೊಂಡಂತೆ ಕೂತಳು.

ದೊಡ್ಡ ರಸ್ತೆಯ ಸಿಗ್ನಲ್ಲಿನಲ್ಲಿ ಕೆಂಪು ಬಿತ್ತು. ಪಕ್ಕದಲ್ಲೊಂದು ಬಸ್ಸು. ಕಂಡಕ್ಟರ್ ಬಾಗಿಲಿನ ಕಂಬಿ ಹಿಡಿದು ಹೊರಗೆ ಜೋತುಬಿದ್ದಿದ್ದ, ಇನ್ನೊಂದು ಕೈಯಲ್ಲಿ ಫೋನು. ಅದನ್ನು ನೋಡುವನು, ಫುಟ್‌ಪಾತಿನ ಮುಖಗಳನ್ನು ಒಂದೊಂದಾಗಿ ನೋಡುವನು. ಕೊಡೆ ಹಿಡಿದವನ ಕೊಡೆ ಸರಿಯುವ ತನಕ ಕಾದ. ಬಗ್ಗಿ ಪೇಪರ್ ಕೊಳ್ಳುತ್ತಿದ್ದವನು ಏಳುವ ತನಕ ಕಾದ. ವ್ಯಾನಿನ ಕಡೆ ಒಮ್ಮೆಯೂ ತಿರುಗಲಿಲ್ಲ.

ಹಸಿರು ಬಿತ್ತು. ವ್ಯಾನು ಹೊರಟಿತು. ಅಕ್ಕ ಹಿಂದಿನ ಗಾಜಿನಿಂದ ನೋಡಿದಳು. ಬಸ್ಸು ಕದಲಿರಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಬಾರಿಸುತ್ತಿದ್ದವು. ಬಸ್ಸಿನ ಜನರೂ ಈಗ ಒಂದೇ ಪಕ್ಕದ ಕಿಟಕಿಗಳಿಗೆ ಸರಿದು, ತಲೆ ಹೊರಗೆ ಹಾಕಿ, ಫುಟ್‌ಪಾತು ಹುಡುಕುತ್ತಿದ್ದರು.