ಮುಂಗುಸಿ ಎಂಬ ಫೋಲ್ಡರು

ಅಕ್ಕನ ಫೋಲ್ಡರನ್ನು ಸಂಜೆಯೊಳಗೆ ಅಳಿಸಬೇಕೆಂದು ಸ್ಟುಡಿಯೋದ ಯಜಮಾನರು ಹೇಳಿಬಿಟ್ಟಿದ್ದರು. "ಯಾರೂ ಬಳಸ್ತಿಲ್ಲವಲ್ಲಮ್ಮ. ಸರ್ವರಲ್ಲಿ ಜಾಗ ಸಾಲ್ತಿಲ್ಲ."

ಕಣ್ಣು ಕಾಣದವರಿಗಾಗಿ ಅಕ್ಕ ಓದಿದ್ದ ಪುಸ್ತಕಗಳೆಲ್ಲ ಆಗಲೇ ಹಂಚಿಹೋಗಿದ್ದವು. ಫೋಲ್ಡರಿನಲ್ಲಿ ಉಳಿದದ್ದು ತಪ್ಪಿದ ಸಾಲುಗಳು, ಕೆಮ್ಮು, ನಡುವೆ ಉಕ್ಕಿದ ನಗು. ತೀರಿಹೋದ ಅಕ್ಕ ಈಗ ತಂಗಿಯ ಪಾಲಿಗೆ ಉಳಿದಿದ್ದದ್ದು ಅಷ್ಟರಲ್ಲೇ.

ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ಆ ತಂಗಿಯೇ. ಅಕ್ಕನ ಓದುಕೋಣೆಗೆ ಹೋಗಿ ಲಿನಕ್ಸ್ ಕಂಪ್ಯೂಟರಿನ ಮುಂದೆ ಕುಳಿತಳು. ಅದರ ಏರ್ಪಾಡು ಅವಳದೇ. ಸರ್ವರಿನ ಫೋಲ್ಡರುಗಳು ಸುಮ್ಮನೆ ಕಾಣಿಸಿಕೊಳ್ಳುವುದಿಲ್ಲ. ಈ ಯಂತ್ರದಲ್ಲಿ ಯಾರಾದರೂ ಹೆಸರು ಹಿಡಿದು ಕೇಳಿದರೆ ತಾವಾಗಿ ಬಂದು ಕೂಡಿಕೊಳ್ಳುತ್ತವೆ, ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಕಳಚಿಕೊಳ್ಳುತ್ತವೆ. ಒಂದೊಂದೇ ಹೆಸರು ಬರೆಯಲು ಬೇಸತ್ತು ಅವಳು ನಕ್ಷತ್ರದ ಚಿಹ್ನೆಯೊಂದನ್ನು ಹಾಕಿ ಕೈತೊಳೆದುಕೊಂಡಿದ್ದಳು: ಯಾವ ಹೆಸರು ಕೇಳಿದರೂ ಸರ್ವರಿನಲ್ಲಿ ಹುಡುಕು.

ಅವಳು ಕೇಳುವ ಮೊದಲೇ ಅಕ್ಕನ ಫೋಲ್ಡರು ಕೂಡಿಕೊಂಡಿತ್ತು.

ಗಾಜಿನಾಚೆ ಧ್ವನಿಮುದ್ರಣದ ಮೀಸೆಯಣ್ಣ ಕುಳಿತಿದ್ದ. "ಅಣ್ಣಾ, ನೀವು ಅಕ್ಕನ ಫೋಲ್ಡರು ತೆರೆದ್ರಾ?"

"ಅಯ್ಯೋ ತಾಯಿ! ನಿಮ್ಮಕ್ಕ ಇದ್ದಾಗ್ಲೇ ಆ ಕೋಣೆಗೆ ಕಾಲಿಡೋಕೆ ಜೀವ ಬಾಯಿಗೆ ಬರ್ತಿತ್ತು. ಈಗ ಅವರ ಫೋಲ್ಡರಿಗೆ ಕೈ ಹಾಕ್ತೀನಾ?"

ಅವಳು ನಗುತ್ತಲೇ ಕಳಚಲು ಆಜ್ಞೆ ಕೊಟ್ಟಳು. ಯಂತ್ರ ಒಪ್ಪಲಿಲ್ಲ: ಬಳಕೆಯಲ್ಲಿದೆ.

ಯಾರ ಬಳಕೆಯಲ್ಲಿ? ಯಂತ್ರದ ದಾಖಲೆ ತೆರೆದಳು. ಯಾರೋ ಇನ್ನೊಂದು ಹೆಸರನ್ನೂ ಕೇಳುತ್ತಿದ್ದರು. 'ಮುಂಗುಸಿ': ಸಿಗಲಿಲ್ಲ. 'ಮುಂಗುಸಿ': ಸಿಗಲಿಲ್ಲ. ಅವಳು ನೋಡುತ್ತಿದ್ದಂತೆಯೇ ಕೆಳಗೆ ಮತ್ತೊಂದು ಸಾಲು ಮೂಡಿತು. ಅವಳ ಕೈಗಳೆರಡೂ ಮಡಿಲಲ್ಲಿದ್ದವು.

ಕೆಲಸ ಹೇಳುವಷ್ಟರಲ್ಲಿ ನುಸುಳಿ ಮಾಯವಾಗುತ್ತಿದ್ದ ತಂಗಿಗೆ ಅಕ್ಕ ಇಟ್ಟಿದ್ದ ಹೆಸರದು. ಬೇರೆ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮೊದಲ ಕೂಗಿಗೆ ಓಗೊಟ್ಟರೆ ತನ್ನ ಬೆಲೆ ಎಲ್ಲಿ ಕಡಿಮೆಯಾದೀತೋ ಎಂದು ಇವಳು ಮೆಟ್ಟಿಲ ಕೆಳಗೆ ಉಸಿರು ಬಿಗಿಹಿಡಿದು ಕೂರುತ್ತಿದ್ದಳು. ಅಕ್ಕ ಮಾತ್ರ ಉತ್ತರ ಬರುವವರೆಗೂ ಬಿಡುತ್ತಿರಲಿಲ್ಲ.

ಎದ್ದು ಓಡಬಹುದಿತ್ತು. ಅದರ ಬದಲು ಸರ್ವರಿನಲ್ಲಿ ಆ ಹೆಸರಿನದೇ ಒಂದು ಖಾಲಿ ಫೋಲ್ಡರು ಮಾಡಿ, ಮೆಲ್ಲಗೆ ಅಂದಳು: "ಇದ್ದೀನಿ ಕಣೇ."

ಕೂಗು ನಿಂತಿತು. 'ಮುಂಗುಸಿ' ಕೂಡಿಕೊಂಡಿತು. ಸ್ವಲ್ಪ ಹೊತ್ತಿಗೆ ಅಕ್ಕನ ಫೋಲ್ಡರು ತಾನಾಗಿ ಕಳಚಿಹೋಯಿತು.

ಯಜಮಾನರು ಬಾಗಿಲಲ್ಲಿ ಇಣುಕಿದರು. "ಏನಮ್ಮ, ಅಳಿಸಿದ್ಯಾ?"

"ಅಳಿಸ್ತೀನಿ ಸಾರ್. ಈಗ ಅಲ್ಲಿ ಯಾರೂ ಇಲ್ಲ."

ಅಳಿಸಿದಳು. ಆಮೇಲೆ ತನ್ನ ಹೆಸರಿನದನ್ನು ಕಳಚಲು ನೋಡಿದಳು. ಬಳಕೆಯಲ್ಲಿದೆ, ಎಂದಿತು ಯಂತ್ರ. ಒಳಗಿಣುಕಿದರೆ, ಖಾಲಿಯಾಗಿ ಮಾಡಿದ್ದ ಫೋಲ್ಡರಿನಲ್ಲಿ ಒಂದೇ ಒಂದು ಧ್ವನಿಮುದ್ರಿಕೆ.

ಅಕ್ಕ ಹೋದಂದಿನಿಂದ ಮೊಳೆಗೆ ನೇತುಬಿದ್ದಿದ್ದ ಹೆಡ್‌ಫೋನನ್ನು ತೆಗೆದು ಕಿವಿಗಿಟ್ಟುಕೊಂಡಳು. ಅದರ ಮೆತ್ತೆ ಬೆಚ್ಚಗಿತ್ತು.