ಹತ್ತರಲ್ಲಿ ಆರು ಬಸುರಿ

ಜೈನರ ಹುಡುಗಿ ಮೀನಿನ ಮೇಲೆ ಪಿಎಚ್.ಡಿ. ಮಾಡುತ್ತಾಳಂತೆ ಎಂದು ಹಳೇಬೀಡಿನಲ್ಲಿ ನಗದವರಿಲ್ಲ. ನಗಲಿ, ನನಗೇನು! ಅಜ್ಜಿ ಕಾಂಚನಮಾಲಾ ಮಾತ್ರ ನಗಲಿಲ್ಲ. “ಒಂದೇ ಒಂದು ಮೀನನ್ನೂ ಕೊಲ್ಲಕೂಡದು ಶ್ರಾವ್ಯ,” ಎಂದು ಕೈ ಹಿಡಿದು ಭಾಷೆ ತೆಗೆದುಕೊಂಡರು.

ಕೆಲಸ ಇಷ್ಟೇ. ಕೆರೆಯ ಸಣ್ಣ ಮೀನು ಯಾವ ತಿಂಗಳಲ್ಲಿ ಮೊಟ್ಟೆ ಕಟ್ಟುತ್ತದೆ ಎಂದು ಮೊದಲು ತಿಳಿಯಬೇಕು. ಆ ತಿಂಗಳಲ್ಲೂ ಕಟ್ಟದಿದ್ದರೆ ನೀರು ಕೆಟ್ಟಿದೆಯೇ ಎಂದು ಅನುಮಾನಿಸಬೇಕು. ಎಲ್ಲರೂ ಹೊಟ್ಟೆ ಕೊಯ್ದು ನೋಡುತ್ತಾರೆ. ನಾನು ಗಾಜಿನಂಥ ಮೈಯ, ಬೆರಳುದ್ದದ ಮೀನನ್ನೇ ಆರಿಸಿಕೊಂಡೆ. ಬಿಸಿಲಿಗೆ ಹಿಡಿದರೆ ಒಳಗಿನ ಮೊಟ್ಟೆ ಹಳದಿಯಾಗಿ ಕಾಣುತ್ತದೆ. ಬೆಸ್ತರ ಮುನಿಯಮ್ಮ ವರ್ಷವಿಡೀ ಬಲೆ ಬೀಸಿ ಹಿಡಿದುಕೊಟ್ಟರು. ನಾನು ನೋಡಿ, ಬರೆದುಕೊಂಡು, ಕೆರೆಗೇ ಬಿಟ್ಟೆ.

ಗೈಡ್ ಲಕ್ಷ್ಮೀಶ ಸರ್ ನನ್ನ ವರದಿಯನ್ನು ಮೇಜಿನ ಮೇಲೆ ಎಸೆದರು. “ಬರೀ ಕಣ್ಣಲ್ಲಿ ನೋಡಿದ್ದನ್ನ ಯಾರಮ್ಮಾ ನಂಬ್ತಾರೆ? ಹತ್ತು ಮೀನು ಕೊಯ್ದು ತೋರಿಸು. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ.”

ಮೈಯೆಲ್ಲ ಉರಿದುಹೋಯಿತು. “ಕೆರೆಗೆ ಬನ್ನಿ ಸರ್. ಹತ್ತು ಹೆಣ್ಣು ಮೀನು ನೀವೇ ಆರಿಸಿ. ಯಾವ್ಯಾವುದು ಮೊಟ್ಟೆ ಇಡುತ್ತೆ ಅಂತ ಮೊದಲೇ ಬರೆದುಕೊಡ್ತೀನಿ. ಒಂದು ತಪ್ಪಿದರೂ ನಾನೇ ಕೊಯ್ತೀನಿ!” ಅಂದುಬಿಟ್ಟ ಮೇಲೆ ಕೊಟ್ಟ ಭಾಷೆ ನೆನಪಾಯಿತು. ಅಜ್ಜಿಗೆ ಏನು ಹೇಳುವುದು?

ರೋಹಿಣಿ ಮಳೆ ಬಿದ್ದ ಮರುದಿನ ಸರ್ ಬಂದರು. ಮುನಿಯಮ್ಮನ ಅಂಗಳದಲ್ಲಿ ಹತ್ತು ಟಬ್ ಇಟ್ಟೆವು. ಒಂದೊಂದರಲ್ಲೂ ಒಂದು ಹೆಣ್ಣು, ಒಂದು ಗಂಡು, ಒಂದು ಹಿಡಿ ಪಾಚಿ. ಒಂದೊಂದು ಹೆಣ್ಣನ್ನೂ ಬಿಸಿಲಿಗೆ ಹಿಡಿದು ನೋಡಿ, ಮೊಟ್ಟೆ ಇಡುವ ಆರು ಟಬ್‌ಗಳ ನಂಬರ್ ಬರೆದು ಚೀಟಿಯನ್ನು ಸರ್ ಕೈಗೆ ಕೊಟ್ಟೆ.

ಮರುದಿನ ಬೆಳಿಗ್ಗೆ ಐದು ಟಬ್‌ಗಳ ಪಾಚಿಯಲ್ಲಿ ಸಾಸಿವೆಗಿಂತ ಸಣ್ಣ ಮೊಟ್ಟೆಗಳು ಅಂಟಿಕೊಂಡಿದ್ದವು. ನಾನು ಬರೆದಿದ್ದ ಏಳನೆಯದು ಮಾತ್ರ ಖಾಲಿ.

“ಒಂದು ತಪ್ತಲ್ಲಮ್ಮಾ,” ಎಂದರು ಸರ್.

ಮುನಿಯಮ್ಮ ರೇಗಿದರು. “ಅದೇನ್ ಸ್ವಾಮಿ ಅಂಥಾ ಅವಸರ? ಇದ್ರ ಮ್ಯಾಲೆ ಗೋಡೆ ನೆರಳೈತೆ, ಕಾಣಾಕಿಲ್ವಾ? ಬಿಸಿಲು ಬೀಳ್ದೆ ಅದು ಮೊಟ್ಟೆ ಇಕ್ಕಾಕಿಲ್ಲ. ಸುಮ್ಕೆ ಕೂತ್ಕಳಿ!” ಎಂದು ಟಬ್ಬನ್ನು ಬಿಸಿಲಿಗೆ ಎಳೆದರು.

ಕೂತೆವು. ಮುಕ್ಕಾಲು ಗಂಟೆ ನಾನು ಟಬ್ಬಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಹೆಣ್ಣು ಮೀನು ಪಾಚಿಯೊಳಗೆ ನುಗ್ಗಿತು, ಗಂಡು ಅದರ ಹಿಂದೆಯೇ ಹೋಯಿತು. ಸರ್ ಮಂಡಿಯೂರಿ, ಕನ್ನಡಕ ಮೇಲಕ್ಕೇರಿಸಿ, ಒಂದು, ಎರಡು ಎಂದು ಮೊಟ್ಟೆ ಎಣಿಸತೊಡಗಿದರು. ಇಪ್ಪತ್ತಕ್ಕೆ ನಿಲ್ಲಿಸಿದರು. ಉಳಿದ ನಾಲ್ಕು ಟಬ್‌ಗಳಲ್ಲಿ ಸಂಜೆಯವರೆಗೂ ಏನೂ ಇರಲಿಲ್ಲ.

“ಹತ್ತಕ್ಕೆ ಹತ್ತೂ ಸರಿ,” ಎಂದರು. “ಇನ್ಮೇಲೆ ನನ್ನ ಲ್ಯಾಬಲ್ಲೂ ಕೊಯ್ಯೋದು ಬೇಡ. ಹುಡುಗರಿಗೆ ನೀನೇ ಬಂದು ಕಲಿಸು.”

“ಗೆದ್ದೆ ಕಣವ್ವಾ!” ಎಂದು ಮುನಿಯಮ್ಮ ಕೂಗಿದರು. ನಾನು ಅವರನ್ನು ತಬ್ಬಿಕೊಂಡು ಖುಷಿಗೆ ಅತ್ತೇಬಿಟ್ಟೆ. ಮೀನುಗಳನ್ನು ಕೆರೆಗೆ ಬಿಡಲು ಹೊರಟಾಗ ಏಳನೆಯ ಟಬ್ಬನ್ನು ಸರ್ ತಾವೇ ಹೊತ್ತುಕೊಂಡರು.