ಬೋಲ್ಟಿನ ಮೇಲಿನ ಬೊಟ್ಟು

ಪೀಣ್ಯ ಎರಡನೇ ಹಂತದ ಶ್ಯಾಮಣ್ಣನವರ ಶೆಡ್ಡಿನಲ್ಲಿ ಬರಿಗೈಯಿಂದ ಮುಟ್ಟಬಾರದ ವಸ್ತು ಒಂದೇ. ಅದು ರೈಫಲ್ಲಿನ ಬೋಲ್ಟು. ನಟ್ಟಿಗೆ ಹಾಕುವ ಬೋಲ್ಟಲ್ಲ; ಗುಂಡನ್ನು ನಳಿಗೆಯೊಳಕ್ಕೆ ತಳ್ಳಿ ಹಿಂದಿನಿಂದ ಬಿಗಿಹಿಡಿಯುವ ಉಕ್ಕಿನ ತುಂಡು. ದೊಡ್ಡ ಕಂಪನಿಯೊಂದರಿಂದ ಒರಟೊರಟಾಗಿ ಬಂದದ್ದನ್ನು ಇಲ್ಲಿ ಮುಖ ಕಾಣುವಷ್ಟು ಪಾಲಿಶ್ ಮಾಡಿ, ಎಣ್ಣೆಯಲ್ಲಿ ಅದ್ದಿ, ಮೇಣದ ಕಾಗದ ಸುತ್ತಿ ವಾಪಸು ಕಳಿಸುತ್ತಿದ್ದರು. ಹಾಗೆ ಪಾಲಿಶ್ ಆದ ಉಕ್ಕಿನಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ. ಬೆವರಿನ ಬೆರಳು ಸೋಕಿದರೆ ಸಾಕು, ಎರಡು ದಿನದಲ್ಲಿ ಆ ಬೆರಳಿನ ಗುರುತು ಕಂದುಬಣ್ಣದಲ್ಲಿ ಎದ್ದು ಕೂರುತ್ತದೆ. ಅದಕ್ಕೇ ಕೈಗವಸು, ಅದಕ್ಕೇ ಎಣ್ಣೆ, ಅದಕ್ಕೇ ನಲ್ಲಪ್ಪ.

ನಲ್ಲಪ್ಪ ಮಾಕಳಿಯವನು, ಅರವತ್ತರ ಅಂಚಿನ ಮನುಷ್ಯ, ಎಣ್ಣೆ ತೊಟ್ಟಿಯ ಏಕಚಕ್ರಾಧಿಪತಿ. ಜಾಲರಿ ಬುಟ್ಟಿಯಲ್ಲಿ ಬೋಲ್ಟುಗಳನ್ನು ಅದ್ದಿ ಎತ್ತಿ, ಎಣ್ಣೆ ಸೋರಿಹೋಗುವವರೆಗೂ ಅದರ ಮುಂದೆಯೇ ನಿಂತಿರುತ್ತಿದ್ದ. ಅವನ ತೊಟ್ಟಿಯ ಅಂಚಿನಲ್ಲಿ ಯಾರಾದರೂ ಟೀ ಲೋಟ ಇಟ್ಟರೆ ಅವರ ಗ್ರಹಚಾರ ಬಿಡಿಸುತ್ತಿದ್ದ. ಬೈಯದೆ ಬಿಡುತ್ತಿದ್ದದ್ದು ಪ್ಯಾಕಿಂಗಿನ ಮಹಾನಂದಾಳನ್ನು ಮಾತ್ರ. ಸಿಂದಗಿ ಕಡೆಯವಳು, ರಾಜಗೋಪಾಲನಗರದ ಒಂದು ಕೋಣೆಯಲ್ಲಿ ಗಂಡನೊಡನೆ ಬಾಡಿಗೆಗಿದ್ದಳು. ನಲ್ಲಪ್ಪ ಅವಳನ್ನು ಅವ್ವ ಎನ್ನುತ್ತಿದ್ದ, ಅವಳು ಅವನನ್ನು ಕಾಕಾ ಎನ್ನುತ್ತಿದ್ದಳು. ಅವಳು ತಂದ ಜೋಳದ ರೊಟ್ಟಿಯಲ್ಲಿ ಅರ್ಧ ಅವನಿಗೆ ಹೋಗುತ್ತಿತ್ತು.

ಆಯುಧಪೂಜೆಯ ದಿನ ಶೆಡ್ಡೆಲ್ಲ ತೊಳೆದು ಲೇತಿಗೆ ಸೇವಂತಿಗೆ ಹಾರ, ಪಾಲಿಶ್ ಮೆಷಿನ್ನಿಗೆ ಬಾಳೆಕಂದು ಕಟ್ಟಿದರು. ಶ್ಯಾಮಣ್ಣನವರ ಸ್ಕೂಟರಿಗೂ, ಕೊನೆಗೆ ತೂಕದ ಯಂತ್ರಕ್ಕೂ ಕುಂಕುಮ ಬಿತ್ತು. ಮೂಲೆಯಲ್ಲಿ ಕಾಗದ ಸುತ್ತಿ ತಯಾರಾಗಿದ್ದ ಬೋಲ್ಟುಗಳ ಕಡೆ ಯಾರೂ ನೋಡಲಿಲ್ಲ. ನೋಡಿದವಳು ಮಹಾನಂದಾ. ಅವಳ ತಮ್ಮ ಹನುಮೇಶ ಸೈನ್ಯದಲ್ಲಿದ್ದ, ಆ ವರ್ಷ ಕಾಶ್ಮೀರದ ಕಡೆ ಹಾಕಿದ್ದರು. ತೂಕದ ಯಂತ್ರಕ್ಕೆ ಪೂಜೆಯಾಗಿ ನಿಜವಾದ ಆಯುಧಕ್ಕೇ ಆಗದಿದ್ದರೆ ಅದೆಂಥ ಆಯುಧಪೂಜೆ ಎಂದು ಅವಳಿಗೆ ಅನ್ನಿಸಿತು. ಅನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ ಬಿಡಿ.

ಎಲ್ಲರೂ ಹೊರಗೆ ಬೂದುಗುಂಬಳ ಒಡೆಯುತ್ತಿದ್ದಾಗ ಒಂದು ಟ್ರೇ ಬಿಚ್ಚಿದಳು. ಎಣ್ಣೆಯ ಮೇಲೆ ಕುಂಕುಮ ನಿಲ್ಲದೆ ಜಾರಿತು. ಪೆಟ್ರೋಲಿನ ಬಟ್ಟೆಯಿಂದ ಒಂದೊಂದರ ಮೇಲೂ ಬೊಟ್ಟಿನಗಲ ಎಣ್ಣೆ ಒರೆಸಿ, ನಿಂಬೆರಸದಲ್ಲಿ ಕಲಸಿದ ಕುಂಕುಮ ಇಟ್ಟಳು. ಪ್ರತಿ ಬೊಟ್ಟಿಗೂ ತಮ್ಮನ ಹೆಸರು ಹೇಳಿಕೊಂಡಳು. ರಜೆ ಮುಗಿದ ಮೇಲೆ ಎಲ್ಲರಿಗಿಂತ ಮುಂಚೆ ಬಂದು ಕುಂಕುಮ ಒರೆಸಿ ಮತ್ತೆ ಕಾಗದ ಸುತ್ತಿದಳು. ಸ್ವಲ್ಪ ಮಾಸಲು ಬಣ್ಣ ಉಳಿದಿತ್ತು, ಕುಂಕುಮದ ಕಲೆ ಇರಬೇಕು ಅಂದುಕೊಂಡಳು. ಮತ್ತೊಮ್ಮೆ ಎಣ್ಣೆಗೆ ಅದ್ದಬೇಕೆಂದು ಹೊಳೆಯಲಿಲ್ಲವೇ ಅಂದರೆ, ಹೊಳೆಯಿತು. ನಲ್ಲಪ್ಪ ಬೈದಾನು ಎಂದು ಸುಮ್ಮನಾದಳು. ಅವನು ತನ್ನನ್ನು ಒಮ್ಮೆಯೂ ಬೈದವನಲ್ಲ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ.

ದೀಪಾವಳಿ ಕಳೆದ ಮೇಲೆ ಆ ಟ್ರೇ ಕಂಪನಿಯಿಂದ ವಾಪಸು ಬಂತು. ಶ್ಯಾಮಣ್ಣ ಅದನ್ನು ಎಲ್ಲರ ಮುಂದೆ ಮೇಜಿನ ಮೇಲೆ ಸುರಿದರು. ಪ್ರತಿ ಬೋಲ್ಟಿನ ಮೇಲೂ, ಅದೇ ಜಾಗದಲ್ಲಿ, ದುಂಡನೆಯ ತುಕ್ಕು. ಮಹಾನಂದಾಳಿಗೆ ಮೊದಲ ನೋಟಕ್ಕೇ ಗೊತ್ತಾಯಿತು. ತನ್ನ ಬೆರಳಿನ ಅಳತೆ ತನಗೆ ತಿಳಿಯದೇ?

ಶ್ಯಾಮಣ್ಣನವರಿಗೆ ಮಾತ್ರ ಅದು ನೀರಿನ ಹನಿಯಾಗಿ ಕಂಡಿತು. ಚಾವಣಿಯ ಶೀಟು ಸೋರಿ ಹನಿ ಬಿದ್ದಿದೆ, ಮುದುಕ ನೋಡದೆ ಹಾಗೇ ಅದ್ದಿದ್ದಾನೆ ಎಂದು ತೀರ್ಮಾನಿಸಿ ಬಾಯಿಗೆ ಬಂದಂತೆ ಬೈದರು. ಕಣ್ಣು ತೋರಿಸಿಕೊಂಡು ಬಾ, ಇನ್ನೊಂದು ಸಲ ಹೀಗಾದರೆ ಗೇಟಿನ ಹತ್ತಿರ ಸ್ಟೂಲ್ ಹಾಕಿಕೊಂಡು ಕೂರು ಅಂದರು. ನಲ್ಲಪ್ಪ ಜಗಳಕ್ಕೆ ನಿಲ್ಲುತ್ತಾನೆ ಎಂದು ಎಲ್ಲರೂ ಕಾದರು. ಅವನು ಒಂದು ಬೋಲ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಇರಬಹುದು, ಸಂಜೆ ಹೊತ್ತು ಈಚೆಗೆ ಮಬ್ಬಾಗಿ ಕಾಣುತ್ತದೆ ಎಂದು ಒಪ್ಪಿಕೊಂಡುಬಿಟ್ಟ.

ಆಗಲೇ ಹೇಳಬೇಕಿತ್ತು. ಬೈಗುಳ ನಿಲ್ಲಲಿ ಆಮೇಲೆ ಹೇಳೋಣ ಅಂದುಕೊಂಡಳು. ನಿಂತ ಮೇಲೆ ಊಟದ ಹೊತ್ತಿಗೆ ಅಂದುಕೊಂಡಳು. ಊಟದ ಹೊತ್ತಿಗೆ ರೊಟ್ಟಿ ಮುರಿದು ಅವನ ಕಡೆ ಸರಿಸಿದಳು, ಅಷ್ಟೇ. ಕೆಲಸ ಹೋದೀತೆಂಬ ಭಯ ಇತ್ತು ನಿಜ. ಅದಕ್ಕಿಂತ ನಾಚಿಕೆ ದೊಡ್ಡದಿತ್ತು. ಬಂದೂಕಿಗೆ ಬೊಟ್ಟಿಟ್ಟು ಕೆಡಿಸಿದವಳು ಎಂದು ಇಡೀ ಪೀಣ್ಯ ನಗುತ್ತದೆ ಎಂದು ಅವಳು ನಂಬಿದ್ದಳು. ಪೀಣ್ಯಕ್ಕೆ ಬೇರೆ ಕೆಲಸವಿಲ್ಲವೇ? ಆದರೆ ತಪ್ಪು ಮಾಡಿದವರಿಗೆ ಊರೆಲ್ಲ ತಮ್ಮನ್ನೇ ನೋಡುತ್ತಿದೆ ಅನ್ನಿಸುತ್ತದೆ.

ಹೇಳಲಾರದ್ದಕ್ಕೆ ಬದಲಾಗಿ ಉಪಕಾರ ಮಾಡಲು ಹೊರಟಳು. ಶನಿವಾರ ಅರ್ಧ ದಿನ ರಜೆ ಕೇಳಿ ತಾನೇ ಅವನನ್ನು ಕಣ್ಣಾಸ್ಪತ್ರೆಗೆ ಕರೆದುಕೊಂಡು ಹೋದಳು. ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದರು. ಪೊರೆ ಈಗಷ್ಟೇ ಶುರುವಾಗಿದೆ, ಕೆಲಸಕ್ಕೇನೂ ತೊಂದರೆಯಿಲ್ಲ ಎಂದರು ಡಾಕ್ಟರು. ಡಾಕ್ಟರಿಗೇನು ಗೊತ್ತು ಅಂದ ನಲ್ಲಪ್ಪ. ಔಷಧಿಯ ದೆಸೆಯಿಂದ ಅವನಿಗೆ ಎದುರಿನ ಬಸ್ಸೂ ಕಾಣುತ್ತಿರಲಿಲ್ಲ. ತುಮಕೂರು ರಸ್ತೆಯಲ್ಲಿ ಮೆಟ್ರೊ ಕಂಬಗಳ ನಡುವೆ ಅವನ ಕೈ ಹಿಡಿದು ದಾಟಿಸಿ ಮಾಕಳಿ ಬಸ್ಸು ಹತ್ತಿಸಿದಳು. ಹೆತ್ತ ಮಗಳೂ ಹೀಗೆ ನೋಡಿಕೊಳ್ಳುವುದಿಲ್ಲ ಎಂದು ಅವನು ಕಂಡಕ್ಟರಿಗೆಲ್ಲ ಹೇಳಿದ. ಆ ರಾತ್ರಿ ಅವಳಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಅಲ್ಲಿಂದ ನಲ್ಲಪ್ಪ ಬೇರೆಯೇ ಮನುಷ್ಯನಾದ. ಅದ್ದಿದ್ದನ್ನೇ ಮತ್ತೆ ಅದ್ದುತ್ತಿದ್ದ. ಬುಟ್ಟಿ ಎತ್ತಿ ದೀಪದ ಕೆಳಗೆ ಹಿಡಿದು, ನೀರೇನಾದರೂ ಕಾಣುತ್ತದಾ ನೋಡವ್ವ ಎಂದು ಅವಳನ್ನೇ ಕರೆಯುತ್ತಿದ್ದ. ತೊಟ್ಟಿಯ ಅಂಚಿನಲ್ಲಿ ಟೀ ಲೋಟಗಳು ಕೂತವು, ಅವನು ಯಾರನ್ನೂ ಬೈಯಲಿಲ್ಲ. ಒಂದು ಸೋಮವಾರ ತಾನಾಗಿಯೇ ಹೋಗಿ, ತನ್ನ ಕೈಯಿಂದ ಇನ್ನು ಆಗುವುದಿಲ್ಲ, ಗೇಟಿಗೇ ಹಾಕಿ ಎಂದು ಶ್ಯಾಮಣ್ಣನವರನ್ನು ಕೇಳಿಕೊಂಡ. ಅವರು ತೊಟ್ಟಿಯನ್ನು ಮಹಾನಂದಾಳಿಗೆ ವಹಿಸಿದರು. ನಲ್ಲಪ್ಪ ಅವತ್ತೇ ತನ್ನ ಕೈಗವಸುಗಳನ್ನು ತೊಳೆದು ಒಣಗಿಸಿ ತಂದು ಅವಳ ಮೇಜಿನ ಮೇಲಿಟ್ಟ.

ಅವನ್ನು ಅವಳಿಂದ ಮುಟ್ಟಲಾಗಲಿಲ್ಲ.

"ಕಾಕಾ, ತಪ್ಪು ನಂದೈತ್ರಿ. ನಿಮ್ಮ ಕಣ್ಣಿಂದಲ್ಲ. ಎಣ್ಣಿ ಒರಸಿ ಕುಂಕುಮ ಹಚ್ಚಿದಾಕಿ ನಾನು."

ನಲ್ಲಪ್ಪ ನಕ್ಕ. "ದೇವ್ರ ಕುಂಕುಮದಿಂದ ಎಲ್ಲಾದ್ರೂ ತುಕ್ಕು ಇಡೀತದೇನವ್ವ? ನನ್ನ ಉಳ್ಸಾಕೆ ಇಂಗೆಲ್ಲ ಏಳ್ಬ್ಯಾಡ."

ಅಷ್ಟಕ್ಕೇ ಬಿಡದೆ ಶ್ಯಾಮಣ್ಣನವರ ಹತ್ತಿರ ಹೋಗಿ, ಈ ಹುಡುಗಿಯದು ಎಂಥ ಒಳ್ಳೇ ಮನಸ್ಸು ನೋಡಿ ಎಂದು ಹೊಗಳಿದ. ಶ್ಯಾಮಣ್ಣನವರೂ ಮೆಚ್ಚಿ ತಲೆದೂಗಿದರು. ಬೇಕಿದ್ದರೆ ಅಲ್ಲಿಗೇ ಮುಗಿಸಬಹುದಿತ್ತು. ತಪ್ಪು ಒಪ್ಪಿಕೊಂಡ ಪುಣ್ಯವೂ ಸಿಗುತ್ತಿತ್ತು, ತಪ್ಪಿನ ಭಾರವೂ ಮುದುಕನ ಮೇಲೇ ಉಳಿಯುತ್ತಿತ್ತು. ಒಂದು ಕ್ಷಣ ಅವಳ ಮನಸ್ಸು ಆ ಕಡೆ ವಾಲಿದ್ದೂ ಉಂಟು.

ಅವಳು ಹೊಸ ಬೋಲ್ಟೊಂದನ್ನು ತಂದು ಅವರ ಮುಂದೆಯೇ ಬೊಟ್ಟಿನಗಲ ಎಣ್ಣೆ ಒರೆಸಿದಳು. ಟೀ ಅಂಗಡಿಯಿಂದ ನಿಂಬೆಹೋಳು ತರಿಸಿ, ದೇವರ ಫೋಟೋದ ಮುಂದಿನ ಬಟ್ಟಲಿಂದ ಕುಂಕುಮ ಕಲಸಿ ಇಟ್ಟಳು. ಎರಡು ದಿನ ಯಾರೂ ಮುಟ್ಟಬಾರದೆಂದು ಹೇಳಿ ಶ್ಯಾಮಣ್ಣನವರ ಮೇಜಿನ ಮೇಲೇ ಬಿಟ್ಟಳು. ಅವರು ಮುಖ ಗಂಟು ಹಾಕಿದರೂ ಬೇಡವೆನ್ನಲಿಲ್ಲ.

ಬುಧವಾರ ಬೆಳಿಗ್ಗೆ ಎಲ್ಲರೂ ಮೇಜಿನ ಸುತ್ತ ಸೇರಿದರು. ಶ್ಯಾಮಣ್ಣ ಬಟ್ಟೆಯಿಂದ ಕುಂಕುಮ ಒರೆಸಿದರು. ಕೆಳಗೆ ದುಂಡನೆಯ ತುಕ್ಕು, ವಾಪಸು ಬಂದವುಗಳ ಮೇಲಿದ್ದದ್ದೇ. ಅವರಿಗೆ ಸಿಟ್ಟಿಗಿಂತ ನಗು ಮೊದಲು ಬಂತು. ಮುಂದಿನ ವರ್ಷ ನನ್ನ ಹಣೆಗೆ ಎಷ್ಟು ಬೇಕಾದರೂ ಬಳಿ, ಮಾಲಿನ ತಂಟೆಗೆ ಬರಬೇಡ ಅಂದರು. ಉಳಿದವರೂ ನಕ್ಕರು. ಅವಳ ಕೆಲಸಕ್ಕೇನೂ ಆಗಲಿಲ್ಲ. ಅಷ್ಟು ದಿನ ಹೆದರಿ ಕೂತದ್ದೆಲ್ಲ ಇಷ್ಟಕ್ಕೇನಾ ಎಂದು ಅವಳಿಗೆ ಅಳು ಬಂತು.

ನಲ್ಲಪ್ಪ ನಗಲಿಲ್ಲ. ಬೋಲ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದ. ಅವನಿಗೆ ಎಲ್ಲ ಚೆನ್ನಾಗಿಯೇ ಕಾಣುತ್ತಿತ್ತು.

"ಕುಂಕುಮ ಇಟ್ಟಿದ್ದು ಬುಡವ್ವ, ತಮ್ಮನಿಗೋಸ್ಕರ ಇಟ್ಟೆ," ಅಂದ. "ಆಸ್ಪತ್ರೇಲಿ ಔಸ್ದಿ ಬುಟ್ಟಾಗ ನಂಗೇನೂ ಕಾಣ್ತಿರ್ಲಿಲ್ಲ. ನನ್ ಕೈ ಇಡ್ಕಂಡು ರೋಡು ದಾಟಿಸ್ದಲ್ಲ. ಆಗ್ಲೂ ನಿಂಗೊತ್ತಿತ್ತಾ?"

"ಗೊತ್ತಿತ್ರಿ ಕಾಕಾ."

ಅವನು ತಲೆಯಾಡಿಸಿ ತನ್ನ ಕೈಗವಸುಗಳನ್ನು ತೆಗೆದುಕೊಂಡು ಹಾಕಿಕೊಂಡ. ತೊಟ್ಟಿಯ ಹತ್ತಿರ ಹೋಗಿ ಅಂಚಿನಲ್ಲಿದ್ದ ಟೀ ಲೋಟಗಳನ್ನು ಕೆಳಗಿಟ್ಟು, ಅವಳ ಕಡೆ ತಿರುಗಿ ಕೈ ಚಾಚಿದ.

"ಟ್ರೇ ಕೊಡಿ, ಮೇಡಂ," ಅಂದ.